ಲೈಬ್ರರಿಯ ಅವಲಂಬನೆಗಳಿಗೆ ಆವೃತ್ತಿ ನಿಗದಿ: ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲ ಬಿಡಬೇಕು

ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಾಗಿರುವ ಜಾಲಪುಟಗಳನ್ನು ತಂದು ಅವುಗಳ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಿಕೊಡುವ ಒಂದು ಪೈಥಾನ್ ಲೈಬ್ರರಿಯನ್ನು ನೀವು ಬರೆದಿದ್ದೀರಿ ಎಂದಿಟ್ಟುಕೊಳ್ಳೋಣ. ಪುಟಗಳನ್ನು ತರುವುದಕ್ಕೆ ರಿಕ್ವೆಸ್ಟ್ಸ್, ಎಚ್‌ಟಿಎಂಎಲ್ ಬಿಡಿಸುವುದಕ್ಕೆ ಎಲ್‌ಎಕ್ಸ್‌ಎಂಎಲ್, ಟರ್ಮಿನಲ್ಲಿನಿಂದ ಓಡಿಸುವ ಸೌಲಭ್ಯಕ್ಕೆ ಕ್ಲಿಕ್: ಹೀಗೆ ಮೂರು ಅವಲಂಬನೆಗಳಿವೆ, ಅಂದರೆ ನಿಮ್ಮ ಲೈಬ್ರರಿ ಓಡಲು ಬೇಕಾದ ಬೇರೆಯವರ ಪ್ಯಾಕೇಜುಗಳು. ಎಲ್ಲ ಪರೀಕ್ಷೆಗಳೂ ಪಾಸಾದ ಮೇಲೆ ನಿಮ್ಮ ಯಂತ್ರದಲ್ಲಿರುವ ಆವೃತ್ತಿಗಳನ್ನು, ಪೈಥಾನ್ ಪ್ಯಾಕೇಜುಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್ ಉಪಕರಣದ ‘ಪಿಪ್ ಫ್ರೀಜ್’ ಆಜ್ಞೆಯಿಂದ ಪಡೆದು, ‘ರಿಕ್ವೆಸ್ಟ್ಸ್==2.30.0’ ಎಂಬಂತೆ ಒಂದೊಂದನ್ನೂ ಲೈಬ್ರರಿಯ ಅವಲಂಬನೆಗಳ ಪಟ್ಟಿಗೆ ಹಾಕಿಬಿಡಬೇಕೆನಿಸುವುದು ಸಹಜ. ಪರೀಕ್ಷಿಸಿದ್ದನ್ನೇ ಬಳಕೆದಾರರಿಗೂ ಕೊಡುತ್ತಿದ್ದೇವೆ ಎಂಬ ಎಚ್ಚರಿಕೆ ಅದರಲ್ಲಿ ಕಾಣುತ್ತದೆ. ಆದರೆ ಸ್ವತಂತ್ರವಾಗಿ ಓಡುವ ಒಂದು ಅಪ್ಲಿಕೇಶನ್ನಿಗೆ ಸರಿಹೊಂದುವ ಈ ಕ್ರಮ ಲೈಬ್ರರಿಗೆ ಹೊಂದುವುದಿಲ್ಲ.

(ಈ ಬರಹದಲ್ಲಿ ಪ್ಯಾಕೇಜ್, ಆಜ್ಞೆ ಮತ್ತು ಫೈಲುಗಳ ಹೆಸರುಗಳನ್ನು ಓದಿನ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ; ನಿಮ್ಮ ಫೈಲುಗಳಲ್ಲಿ ಅವು ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು.)

ಪೈಥಾನ್‌ನ ಒಂದು ಪರಿಸರದಲ್ಲಿ ಒಂದು ಪ್ಯಾಕೇಜಿನ ಒಂದೇ ಆವೃತ್ತಿ ಇರಲು ಸಾಧ್ಯ. ನಿಮ್ಮ ಲೈಬ್ರರಿ ರಿಕ್ವೆಸ್ಟ್ಸ್‌ನ 2.30.0 ಮಾತ್ರ ಬೇಕೆಂದು ಹೇಳಿ, ಅದೇ ಬಳಕೆದಾರನಿಗೆ ಬೇಕಾದ ಮತ್ತೊಂದು ಲೈಬ್ರರಿ 2.31ಕ್ಕಿಂತ ಹೊಸದು ಬೇಕೆಂದು ಕೇಳಿದರೆ, ಎರಡನ್ನೂ ಒಟ್ಟಿಗೆ ಇನ್‌ಸ್ಟಾಲ್ ಮಾಡುವ ದಾರಿಯೇ ಇರುವುದಿಲ್ಲ. 2020ರ ಕೊನೆಯಲ್ಲಿ ಬಂದ ಪಿಪ್ 20.3ರಿಂದ ಮುಂದಕ್ಕೆ ಇಂಥ ಸಂದರ್ಭದಲ್ಲಿ ರಿಸಾಲ್ವರ್ (ಹೊಂದುವ ಆವೃತ್ತಿಗಳನ್ನು ಆರಿಸುವ ಅದರ ಭಾಗ) ದೋಷ ತೋರಿಸಿ ನಿಂತುಬಿಡುತ್ತದೆ. ಅದಕ್ಕೂ ಹಿಂದಿನ ಪಿಪ್ ಮೊದಲು ಸಿಕ್ಕ ಷರತ್ತನ್ನು ಪಾಲಿಸಿ ಉಳಿದದ್ದನ್ನು ಒಂದು ಎಚ್ಚರಿಕೆಯ ಸಾಲಿನಲ್ಲಿ ಮುಗಿಸುತ್ತಿತ್ತು. ತೊಂದರೆ ಕೋಡ್ ಓಡುವಾಗಲಷ್ಟೇ ಬಯಲಾಗುತ್ತಿತ್ತು.

ಇದಕ್ಕಿಂತ ಗಂಭೀರವಾದ ತೊಡಕು ಭದ್ರತೆಯದು. 2023ರ ಮೇ ತಿಂಗಳಲ್ಲಿ ಬಂದ ರಿಕ್ವೆಸ್ಟ್ಸ್ 2.31.0, ಪ್ರಾಕ್ಸಿಯ ಗುಪ್ತ ವಿವರಗಳು ತಲುಪಬಾರದ ಸರ್ವರಿಗೆ ಸೋರಿಹೋಗುತ್ತಿದ್ದ ಒಂದು ದೋಷವನ್ನು ಸರಿಪಡಿಸಿತು. ನಿಮ್ಮ ಲೈಬ್ರರಿ ‘==2.30.0’ ಎಂದು ಹಿಡಿದು ಕೂತಿದ್ದರೆ, ಅದನ್ನು ಬಳಸುವ ಪ್ರತಿಯೊಬ್ಬರೂ ನೀವು ಹೊಸ ಬಿಡುಗಡೆ ಮಾಡುವ ತನಕ ಆ ದೋಷದೊಂದಿಗೇ ಇರಬೇಕು. ನೀವು ರಜೆಯಲ್ಲಿದ್ದರೂ, ಆ ಲೈಬ್ರರಿಯ ಮೇಲೆ ಆಸಕ್ತಿ ಕಳೆದುಕೊಂಡಿದ್ದರೂ ಅವರು ಕಾಯಲೇಬೇಕು.

ಆದ್ದರಿಂದ ನಿಯಮವನ್ನು ಹೀಗೆ ಇಟ್ಟುಕೊಳ್ಳಬಹುದು: ಲೈಬ್ರರಿಯ ಜೊತೆ ಪ್ರಕಟವಾಗುವ ಪಟ್ಟಿಯಲ್ಲಿ ‘ಇಷ್ಟರೊಳಗೆ ಯಾವುದಾದರೂ ಆದೀತು’ ಎಂಬ ವ್ಯಾಪ್ತಿಯನ್ನು ಬರೆಯಬೇಕು, ನಿಖರವಾದ ಆವೃತ್ತಿಗಳನ್ನು ನಿಮ್ಮ ರೆಪಾಸಿಟರಿಯ ಒಳಗೇ ಉಳಿಯುವ ಲಾಕ್ ಫೈಲಿನಲ್ಲಿ ಇಡಬೇಕು. ಮೊದಲನೆಯದು ಪೈಪ್ರಾಜೆಕ್ಟ್.ಟಾಮ್ಲ್ ಫೈಲಿನ ‘ಪ್ರಾಜೆಕ್ಟ್’ ವಿಭಾಗದ ‘ಡಿಪೆಂಡೆನ್ಸೀಸ್’ ಪಟ್ಟಿ. ಎರಡನೆಯದು, ಪ್ಯಾಕೇಜುಗಳನ್ನು ನಿರ್ವಹಿಸುವ ಉಪಕರಣಗಳಲ್ಲಿ ಯುವಿ ಬಳಸುವವರಿಗೆ ಯುವಿ.ಲಾಕ್, ಪೊಯೆಟ್ರಿ ಬಳಸುವವರಿಗೆ ಪೊಯೆಟ್ರಿ.ಲಾಕ್, ಪಿಪ್-ಟೂಲ್ಸ್ ಬಳಸುವವರಿಗೆ ‘ಪಿಪ್-ಕಂಪೈಲ್’ ಹುಟ್ಟಿಸುವ ರಿಕ್ವೈರ್‌ಮೆಂಟ್ಸ್ ಫೈಲು. ಯಾರಾದರೂ ನಿಮ್ಮ ಲೈಬ್ರರಿಯನ್ನು ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರವಾದ ಪೈಪಿಐಯಿಂದ ಇನ್‌ಸ್ಟಾಲ್ ಮಾಡಿದಾಗ ಪಿಪ್ ನೋಡುವುದು ಮೊದಲನೆಯ ಪಟ್ಟಿಯನ್ನು ಮಾತ್ರ.

ಕೆಳಮಿತಿಯನ್ನು ನಿರ್ಧರಿಸುವುದು

ವ್ಯಾಪ್ತಿಯ ಎರಡು ತುದಿಗಳಲ್ಲಿ ಕೆಳಗಿನದನ್ನು ಎಲ್ಲ ಅವಲಂಬನೆಗಳಿಗೂ ಬರೆಯಬೇಕು, ಮತ್ತು ಅದು ನಿಜವಾಗಿರಬೇಕು. ಇವತ್ತು ನಿಮ್ಮ ಯಂತ್ರದಲ್ಲಿ ಇರುವ ಆವೃತ್ತಿಯನ್ನೇ ಕೆಳಮಿತಿಯಾಗಿ ಬರೆದರೆ ತಪ್ಪೇನೂ ಆಗುವುದಿಲ್ಲವಾದರೂ, ಸ್ವಲ್ಪ ಹಳೆಯ ಆವೃತ್ತಿಯಲ್ಲಿರುವ ಬಳಕೆದಾರರನ್ನು ಕಾರಣವಿಲ್ಲದೆ ಹೊರಗಿಟ್ಟಂತಾಗುತ್ತದೆ. ಏನನ್ನೂ ಬರೆಯದೆ ‘ರಿಕ್ವೆಸ್ಟ್ಸ್’ ಎಂದಷ್ಟೇ ಬಿಟ್ಟರೆ, ಹತ್ತು ವರ್ಷ ಹಳೆಯದಾದ ಆವೃತ್ತಿ ಇರುವ ಪರಿಸರದಲ್ಲೂ ನಿಮ್ಮ ಕೋಡ್ ನಡೆಯುತ್ತದೆಂದು ನೀವು ಭರವಸೆ ಕೊಟ್ಟಂತೆ.

ಸರಿಯಾದ ಸಂಖ್ಯೆಯನ್ನು ಕಂಡುಕೊಳ್ಳಲು ನೀವು ಬಳಸುವ ಸೌಲಭ್ಯಗಳಲ್ಲಿ ತೀರಾ ಇತ್ತೀಚೆಗೆ ಬಂದದ್ದು ಯಾವುದೆಂದು ನೋಡಬೇಕು. ಉದಾಹರಣೆಗೆ, ಸರ್ವರ್ ಕಳುಹಿಸಿದ ಜೇಸನ್ ಸರಿಯಿಲ್ಲದಿದ್ದಾಗ ಅದನ್ನು ಹಿಡಿಯಲು ರಿಕ್ವೆಸ್ಟ್ಸ್‌ನದೇ ಆದ ‘ಜೇಸನ್‌ಡಿಕೋಡ್‌ಎರರ್’ ಅನ್ನು ನೀವು ಬಳಸಿದ್ದರೆ, ಅದು 2022ರ ಜನವರಿಯ 2.27.0ರಲ್ಲಿ ಸೇರಿದ್ದು. ಹಾಗಾದರೆ ‘ರಿಕ್ವೆಸ್ಟ್ಸ್>=2.27’ ಎಂಬುದು ಕಾರಣವಿರುವ ಕೆಳಮಿತಿ. ಆ ಕಾರಣವನ್ನು ಅದೇ ಸಾಲಿನ ಪಕ್ಕದಲ್ಲಿ ಟಿಪ್ಪಣಿಯಾಗಿ ಬರೆದಿಡಿ. ಎರಡು ವರ್ಷಗಳ ನಂತರ ಈ ಸಂಖ್ಯೆ ಎಲ್ಲಿಂದ ಬಂತೆಂದು ಯಾರಿಗೂ ನೆನಪಿರುವುದಿಲ್ಲ.

ಓದಿ ನಿರ್ಧರಿಸಿದ ಕೆಳಮಿತಿಯನ್ನು ಓಡಿಸಿ ಖಚಿತಪಡಿಸಿಕೊಳ್ಳಬೇಕು. ರಿಸಾಲ್ವರ್‌ಗಳು ಸಾಮಾನ್ಯವಾಗಿ ಅತ್ಯಂತ ಹೊಸ ಆವೃತ್ತಿಯನ್ನೇ ಆರಿಸುವುದರಿಂದ, ನೀವು ಬರೆದ ಕೆಳಮಿತಿಯಲ್ಲಿ ನಿಮ್ಮ ಪರೀಕ್ಷೆಗಳು ಒಮ್ಮೆಯೂ ಓಡದೇ ಇರುವ ಸಾಧ್ಯತೆಯೇ ಹೆಚ್ಚು. ಯುವಿಯಲ್ಲಿ ಇದಕ್ಕೆಂದೇ ‘--ರೆಸಲ್ಯೂಶನ್ ಲೋಯೆಸ್ಟ್-ಡೈರೆಕ್ಟ್’ ಎಂಬ ಆಯ್ಕೆಯಿದೆ. ಅದು ನೀವು ನೇರವಾಗಿ ಹೆಸರಿಸಿದ ಪ್ಯಾಕೇಜುಗಳಿಗೆ ಮಾತ್ರ ಅತಿ ಹಳೆಯ ಆವೃತ್ತಿಯನ್ನು ಆರಿಸಿ, ಅವುಗಳ ಒಳಗಿನ ಅವಲಂಬನೆಗಳನ್ನು ಹೊಸದಾಗಿಯೇ ಇಡುತ್ತದೆ. ಬರೀ ‘ಲೋಯೆಸ್ಟ್’ ಎಂಬ ಆಯ್ಕೆಯೂ ಇದೆಯಾದರೂ ಅದು ಎಲ್ಲ ಹಂತಗಳಲ್ಲೂ ಹಳೆಯದನ್ನೇ ಎಳೆದು ತರುತ್ತದೆ. ಬೇರೆಯವರು ಸರಿಯಾಗಿ ಬರೆಯದ ಕೆಳಮಿತಿಗಳ ದಂಡವನ್ನು ನೀವು ತೆರಬೇಕಾಗುತ್ತದೆ. ‘ಲೋಯೆಸ್ಟ್-ಡೈರೆಕ್ಟ್’ ಓಟವನ್ನು ಸಿಐಯಲ್ಲಿ (ಪರೀಕ್ಷೆಗಳನ್ನು ತಾನಾಗಿ ಓಡಿಸುವ ವ್ಯವಸ್ಥೆಯಲ್ಲಿ) ನೀವು ಬೆಂಬಲಿಸುವ ಅತಿ ಹಳೆಯ ಪೈಥಾನ್‌ನೊಂದಿಗೆ ಸೇರಿಸಿದರೆ ಸಾಕು. ಹೊಸ ಪೈಥಾನಿಗೆ ಹಳೆಯ ಎಲ್‌ಎಕ್ಸ್‌ಎಂಎಲ್‌ನ ಸಿದ್ಧ ವ್ಹೀಲ್ (ಮೊದಲೇ ಕಟ್ಟಿಟ್ಟ ಇನ್‌ಸ್ಟಾಲ್ ಫೈಲು) ಇರುವುದಿಲ್ಲವಾದ್ದರಿಂದ, ಆ ಜೋಡಿಯನ್ನು ಪರೀಕ್ಷಿಸಲು ಹೋದರೆ ಸಿ ಕೋಡನ್ನು ಕಂಪೈಲ್ ಮಾಡುವ ಗೋಳಿನಲ್ಲೇ ಸಮಯ ಕಳೆಯುತ್ತದೆ.

ಮೇಲ್ಮಿತಿ: ವಾದ ನಡೆಯುವುದು ಇಲ್ಲೇ

ಮುಂದಿನ ಮೇಜರ್ ಆವೃತ್ತಿಯಲ್ಲಿ (ಮೊದಲ ಅಂಕಿಯೇ ಬದಲಾಗುವ ಬಿಡುಗಡೆಯಲ್ಲಿ) ಏನಾದರೂ ಮುರಿಯಬಹುದು ಎಂಬ ಭಯದಿಂದ ‘ರಿಕ್ವೆಸ್ಟ್ಸ್>=2.27,<3’ ಎಂದು ಬರೆಯುವವರು ಬಹಳ ಮಂದಿ. ಉಪಕರಣಗಳೂ ಈ ವಿಷಯದಲ್ಲಿ ಒಮ್ಮತಕ್ಕೆ ಬಂದಿಲ್ಲ. ‘ಪೊಯೆಟ್ರಿ ಆ್ಯಡ್’ ತಾನಾಗಿಯೇ ಮೇಲ್ಮಿತಿಯನ್ನು ಸೇರಿಸುತ್ತದೆ; ‘ಯುವಿ ಆ್ಯಡ್’ ಕೆಳಮಿತಿಯನ್ನಷ್ಟೇ ಬರೆಯುತ್ತದೆ. ಲೈಬ್ರರಿಗಳ ಮಟ್ಟಿಗೆ ಯುವಿಯ ನಡೆಯೇ ಸರಿ ಎಂಬುದು ನನ್ನ ಅಭಿಪ್ರಾಯ. ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮೇಲ್ಮಿತಿ ಕೊಡುತ್ತದೆಂದು ನಾವು ನಂಬುವ ರಕ್ಷಣೆ ಎಷ್ಟು ಎಂಬುದಕ್ಕೆ, ಜಾಲತಾಣ ಕಟ್ಟಲು ಬಳಸುವ ಫ್ಲಾಸ್ಕ್ ಲೈಬ್ರರಿಯ 1.1.4 ಒಳ್ಳೆಯ ಉದಾಹರಣೆ. 2021ರ ಮೇ ತಿಂಗಳಲ್ಲಿ ಫ್ಲಾಸ್ಕ್ 2.0 ಬರುವ ಹೊತ್ತಿಗೆ, ಹಳೆಯ 1.1 ಸರಣಿಯಲ್ಲೇ ಉಳಿಯುವವರಿಗಾಗಿ ಬಿಡುಗಡೆಯಾದ ಈ ಆವೃತ್ತಿಯಲ್ಲಿ ಜಿಂಜಾ2, ವರ್ಕ್‌ಜ್ಯೂಗ್, ಇಟ್ಸ್‌ಡೇಂಜರಸ್, ಕ್ಲಿಕ್ ಎಂಬ ಅದರ ನಾಲ್ಕು ಅವಲಂಬನೆಗಳಿಗೂ ಮೇಲ್ಮಿತಿ ಇತ್ತು, ಜಿಂಜಾ2ಗೆ ‘<3.0’ ಎಂದಿತ್ತು. ಅದರಂತೆ ಇನ್‌ಸ್ಟಾಲ್ ಆಗುತ್ತಿದ್ದ ಜಿಂಜಾ2 2.11.3 ತನ್ನ ಅವಲಂಬನೆಯನ್ನು ಮಾತ್ರ ‘ಮಾರ್ಕಪ್‌ಸೇಫ್>=0.23’ ಎಂದು ತೆರೆದೇ ಇಟ್ಟಿತ್ತು. 2022ರ ಫೆಬ್ರವರಿಯಲ್ಲಿ ಬಂದ ಮಾರ್ಕಪ್‌ಸೇಫ್ 2.1.0, ಹಿಂದಿನ ಸರಣಿಯಲ್ಲೇ ಎಚ್ಚರಿಕೆ ಕೊಟ್ಟಿದ್ದಂತೆ, ‘ಸಾಫ್ಟ್_ಯೂನಿಕೋಡ್’ ಎಂಬ ಫಂಕ್ಷನ್ನನ್ನು ತೆಗೆದುಹಾಕಿತು. ಹಳೆಯ ಜಿಂಜಾ2 ಅದನ್ನೇ ಇಂಪೋರ್ಟ್ ಮಾಡುತ್ತಿದ್ದುದರಿಂದ, ಫ್ಲಾಸ್ಕ್ ಅನ್ನು 1.1.4ಕ್ಕೆ ಪಿನ್ ಮಾಡಿದ್ದ ಅಪ್ಲಿಕೇಶನ್‌ಗಳು ಕೂಡ ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗ ಏಳಲಿಲ್ಲ. ಫ್ಲಾಸ್ಕ್ ಹಾಕಿದ್ದ ಮೇಲ್ಮಿತಿಗಳು ಎರಡು ಮೆಟ್ಟಿಲು ಕೆಳಗಿದ್ದ ಮಾರ್ಕಪ್‌ಸೇಫ್ ಅನ್ನು ಮುಟ್ಟುವಂತಿರಲಿಲ್ಲ. ಮಾರ್ಕಪ್‌ಸೇಫ್‌ನ ಈ ಬದಲಾವಣೆ ಬಂದದ್ದು 2.0ದಿಂದ 2.1ಕ್ಕೆ ಹೋಗುವಾಗ, ಅಂದರೆ ಮೈನರ್ ಆವೃತ್ತಿಯಲ್ಲಿ, ಎಂಬುದನ್ನೂ ಗಮನಿಸಿ: ಜಿಂಜಾ2ರಲ್ಲಿ ‘<3’ ಎಂಬ ರೂಢಿಯ ಮೇಲ್ಮಿತಿ ಇದ್ದಿದ್ದರೂ ಅದು ತಡೆಯುತ್ತಿರಲಿಲ್ಲ. ಆ ದಿನ ನೆಮ್ಮದಿಯಾಗಿದ್ದವರು ಎಲ್ಲ ಹಂತಗಳ ಆವೃತ್ತಿಗಳನ್ನೂ ಲಾಕ್ ಫೈಲಿನಲ್ಲಿ ಹಿಡಿದಿಟ್ಟಿದ್ದ ಅಪ್ಲಿಕೇಶನ್ನಿನವರು.

ಮೇಲ್ಮಿತಿಯ ಎರಡನೆಯ ತೊಂದರೆ ಅದನ್ನು ಹಿಂದಕ್ಕೆ ಪಡೆಯಲಾಗದಿರುವುದು. ಪೈಪಿಐಗೆ ಒಮ್ಮೆ ಹೋದ ಫೈಲನ್ನು ಅದೇ ಹೆಸರಿನಲ್ಲಿ ಬದಲಿಸಲು ಆಗುವುದಿಲ್ಲ. ನೀವು ಇಂದು ‘<3’ ಎಂದು ಬರೆದು, ನಾಳೆ 3.0 ಬಂದು, ಅದರಲ್ಲಿ ನಿಮ್ಮ ಕೋಡ್ ಒಂದಕ್ಷರವೂ ಬದಲಾಗದೆ ನಡೆದರೂ, ಹಳೆಯ ಬಿಡುಗಡೆಗಳೆಲ್ಲ 3.0ರ ಜೊತೆ ಹೊಂದುವುದಿಲ್ಲವೆಂದೇ ಸಾರುತ್ತಿರುತ್ತವೆ. ಮೇಲ್ಮಿತಿ ಇಲ್ಲದೆ ನಿಜಕ್ಕೂ ಮುರಿದರೆ, ಬಳಕೆದಾರ ತನ್ನ ಪಟ್ಟಿಯಲ್ಲಿ ‘<3’ ಎಂದು ಒಂದು ಸಾಲು ಸೇರಿಸಿ ಅಂದಿನ ಕೆಲಸ ಮುಂದುವರಿಸಬಹುದು. ನೀವು ಹಾಕಿದ ಮೇಲ್ಮಿತಿ ತಪ್ಪಾಗಿದ್ದರೆ ಪಿಪ್ ಬಳಸುವವನಿಗೆ ಅದನ್ನು ದಾಟುವ ಸುಲಭವಾದ ದಾರಿಯಿಲ್ಲ. ಈ ಅಸಮತೋಲನವೇ ನನ್ನ ಮಟ್ಟಿಗೆ ಮುಖ್ಯವಾದ ವಾದ.

ಮೂರನೆಯದು ಸ್ವಲ್ಪ ಸೂಕ್ಷ್ಮ. ನಿಮ್ಮ 1.0 ರಿಂದ 1.4ರವರೆಗಿನ ಬಿಡುಗಡೆಗಳಲ್ಲಿ ಮೇಲ್ಮಿತಿ ಇರಲಿಲ್ಲ, 1.5ರಲ್ಲಿ ಸೇರಿಸಿದಿರಿ ಎಂದುಕೊಳ್ಳಿ. ಹೊಸ ಅವಲಂಬನೆಯೇ ಬೇಕೆನ್ನುವ ಪರಿಸರದಲ್ಲಿ ರಿಸಾಲ್ವರ್ 1.5ನ್ನು ತಿರಸ್ಕರಿಸಿ, ಹಿಂದಕ್ಕೆ ಹೋಗುತ್ತಾ, ಷರತ್ತಿಲ್ಲದ 1.4ನ್ನು ಆರಿಸಿಕೊಳ್ಳುತ್ತದೆ. ಹೊಂದುವುದಿಲ್ಲವೆಂದು ಎಚ್ಚರಿಸಲು ನೀವು ಬರೆದ ಸಾಲು ಬಳಕೆದಾರನನ್ನು ಇನ್ನೂ ಹಳೆಯ, ಖಂಡಿತ ಹೊಂದದ ಬಿಡುಗಡೆಗೆ ತಳ್ಳುತ್ತದೆ, ಅದೂ ಸದ್ದಿಲ್ಲದೆ. ‘ರಿಕ್ವೈರ್ಸ್-ಪೈಥಾನ್’ ಸಾಲಿನಲ್ಲಿ ಪೈಥಾನಿಗೇ ‘<3.13’ ಎಂದು ಮೇಲ್ಮಿತಿ ಹಾಕುವವರಿಗೂ ಇದೇ ಅನುಭವ ಆಗುತ್ತದೆ, ಅದನ್ನಂತೂ ಹಾಕಲೇಬಾರದು.

ಹಾಗೆಂದು ಮೇಲ್ಮಿತಿ ಎಂದೂ ಬೇಡ ಎನ್ನುತ್ತಿಲ್ಲ. ಮುರಿಯುತ್ತದೆಂದು ಗೊತ್ತಿರುವಾಗ ಹಾಕಬೇಕು. 2024ರ ಜೂನ್‌ನಲ್ಲಿ, ಸಂಖ್ಯೆಗಳ ಲೆಕ್ಕಾಚಾರಕ್ಕೆ ಬಳಸುವ ಲೈಬ್ರರಿಯಾದ ನಂಪೈಯ 2.0 ಬಂದಾಗ, ನಂಪೈ 1ರ ಎದುರು ಕಂಪೈಲ್ ಆಗಿದ್ದ ವಿಸ್ತರಣೆಗಳು ಅದರಲ್ಲಿ ನಡೆಯುವುದಿಲ್ಲವೆಂದು ಆ ಯೋಜನೆಯವರೇ ಬಹಳ ಮೊದಲೇ ತಿಳಿಸಿದ್ದರು. ನಂಪೈಯ ಸಿ ಇಂಟರ್‌ಫೇಸ್ ಬಳಸುವ ಲೈಬ್ರರಿಗಳು ಅಂದು ‘<2’ ಎಂದು ಬರೆದದ್ದು ಸರಿಯಾದ ನಿರ್ಧಾರ. ಅವಲಂಬನೆಯ ಒಳಗಿನ, ದಾಖಲೆಯಲ್ಲಿಲ್ಲದ ಭಾಗಗಳನ್ನು ನೀವು ಮುಟ್ಟುತ್ತಿದ್ದರೂ ಮೇಲ್ಮಿತಿ ಬೇಕು. ರಿಕ್ವೆಸ್ಟ್ಸ್ ತಾನೇ ತನ್ನ ಅವಲಂಬನೆಯಾದ ಯುಆರ್‌ಎಲ್‌ಲಿಬ್3ರ ಜೊತೆ ಬಹಳ ನಿಕಟವಾಗಿ ಹೆಣೆದುಕೊಂಡಿರುವುದರಿಂದ ‘<1.27’ ಎಂಬ ಮೇಲ್ಮಿತಿಯನ್ನು ಇಟ್ಟುಕೊಂಡಿತ್ತು. 2023ರ ವಸಂತದಲ್ಲಿ ಯುಆರ್‌ಎಲ್‌ಲಿಬ್3 2.0 ಬಂದ ಕೆಲವೇ ದಿನಗಳಲ್ಲಿ ಪರೀಕ್ಷಿಸಿ ರಿಕ್ವೆಸ್ಟ್ಸ್ 2.30.0ರಲ್ಲಿ ಅದಕ್ಕೆ ದಾರಿ ಬಿಟ್ಟಿತು. ಮೇಲ್ಮಿತಿ ಹಾಕುವವರಿಗೆ ಇರಬೇಕಾದ ಜವಾಬ್ದಾರಿ ಇದೇ: ಹೊಸ ಆವೃತ್ತಿ ಬಂದ ಕೂಡಲೇ ನೋಡಿ, ಮಿತಿಯನ್ನು ಮೇಲಕ್ಕೆತ್ತಿ, ಬಿಡುಗಡೆ ಮಾಡುವ ಶಕ್ತಿ ನಿಮ್ಮ ತಂಡಕ್ಕೆ ಇರಬೇಕು. ಇಲ್ಲದಿದ್ದರೆ ಹಾಕಬೇಡಿ.

ಒಂದೆರಡು ಚಿಹ್ನೆಗಳ ಬಗ್ಗೆ

ನಡುವೆ ಒಂದೇ ಒಂದು ಬಿಡುಗಡೆ ಕೆಟ್ಟಿದ್ದರೆ ‘!=’ ಬಳಸಿ ಅದನ್ನು ಮಾತ್ರ ಹೊರಗಿಡಿ. ಎಷ್ಟೋ ಸಲ ಅದರ ಅಗತ್ಯವೂ ಬರುವುದಿಲ್ಲ, ಏಕೆಂದರೆ ಲೇಖಕರೇ ಅಂಥ ಬಿಡುಗಡೆಯನ್ನು ‘ಯಾಂಕ್’ ಮಾಡಿರುತ್ತಾರೆ, ಅಂದರೆ ಅಳಿಸದೆ, ಹಿಂತೆಗೆದದ್ದೆಂದು ಪೈಪಿಐಯಲ್ಲಿ ಗುರುತು ಹಾಕಿರುತ್ತಾರೆ. ರಿಕ್ವೆಸ್ಟ್ಸ್‌ನ 2.32.0 ಮತ್ತು 2.32.1 ಹೀಗೆ ಯಾಂಕ್ ಆದವು; ‘>=2.27’ ಎಂದು ಬರೆದವರಿಗೆ ಪಿಪ್ ಅವನ್ನು ಕೊಡುವುದಿಲ್ಲ, ‘==2.32.0’ ಎಂದೇ ಹಠ ಹಿಡಿದವರಿಗೆ ಮಾತ್ರ ಎಚ್ಚರಿಕೆಯೊಂದಿಗೆ ಕೊಡುತ್ತದೆ.

‘~=’ ಚಿಹ್ನೆಯನ್ನು ಬಳಸುವಾಗ ಎಣಿಸಿ ಬರೆಯಿರಿ. ‘~=2.27’ ಎಂದರೆ 2.27 ಅಥವಾ ಅದಕ್ಕಿಂತ ಹೊಸದು, ಆದರೆ 2ರ ಸರಣಿಯೊಳಗೆ. ‘~=2.27.0’ ಎಂದರೆ 2.27ರ ಸರಣಿಯೊಳಗೆ ಮಾತ್ರ. ಕೊನೆಯ ಸೊನ್ನೆಯೊಂದು ವ್ಯಾಪ್ತಿಯನ್ನು ಅಷ್ಟು ಕಿರಿದು ಮಾಡುತ್ತದೆ. ವ್ಯತ್ಯಾಸ ಕಣ್ಣಿಗೆ ಬೀಳದಷ್ಟು ಸಣ್ಣದಾದ್ದರಿಂದ ‘>=’ ಮತ್ತು ‘<’ ಎರಡನ್ನೂ ಬಿಡಿಸಿ ಬರೆಯುವುದೇ ಮೇಲು.

ನಿಖರವಾದ ‘==’ ಲೈಬ್ರರಿಯ ಪಟ್ಟಿಯಲ್ಲಿ ಒಪ್ಪುವ ಸಂದರ್ಭವೂ ಒಂದಿದೆ. ಎರಡು ಪ್ಯಾಕೇಜುಗಳನ್ನು ಒಂದೇ ತಂಡ ಒಟ್ಟೊಟ್ಟಿಗೆ ಹೊರತರುತ್ತಾ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಅರ್ಥವಿಲ್ಲದಿದ್ದರೆ ಅವನ್ನು ಬಿಗಿಯಾಗಿ ಕಟ್ಟಬಹುದು. ಪೈಡ್ಯಾಂಟಿಕ್ ತನ್ನ ರಸ್ಟ್‌ನಲ್ಲಿ ಬರೆದ ಒಳಭಾಗವಾದ ಪೈಡ್ಯಾಂಟಿಕ್-ಕೋರ್ ಅನ್ನು ಹೀಗೇ ಕಟ್ಟಿಕೊಂಡಿದೆ.

ನಿಮ್ಮ ಅಂಗಳದೊಳಗೆ ಬಿಗಿ ಮಾಡುವುದು

ಪ್ರಕಟವಾಗುವ ಪಟ್ಟಿ ಸಡಿಲವಾದಷ್ಟೂ ನಿಮ್ಮ ರೆಪಾಸಿಟರಿಯೊಳಗೆ ಲಾಕ್ ಫೈಲಿನ ಅಗತ್ಯ ಹೆಚ್ಚುತ್ತದೆ. ಹೊಸದಾಗಿ ಸೇರಿದವರೊಬ್ಬರು ಒಂದು ಅಕ್ಷರದೋಷ ತಿದ್ದಿ ಪುಲ್ ರಿಕ್ವೆಸ್ಟ್ ಕಳುಹಿಸಿದಾಗ, ಆ ದಿನ ಬೆಳಿಗ್ಗೆ ಬಂದ ಯಾವುದೋ ಪ್ಯಾಕೇಜಿನ ಕಾರಣ ಪರೀಕ್ಷೆ ಬಿದ್ದರೆ ಅವರಿಗೆ ತಮ್ಮ ತಪ್ಪೇನೆಂದು ತಿಳಿಯುವುದಿಲ್ಲ. ‘ಯುವಿ ಲಾಕ್’ ಆಜ್ಞೆ ಹುಟ್ಟಿಸುವ ಫೈಲನ್ನು ಗಿಟ್‌ಗೆ ಸೇರಿಸಿ, ಸಿಐಯಲ್ಲಿ ‘ಯುವಿ ಸಿಂಕ್ --ಲಾಕ್ಡ್’ ಎಂದು ಬಳಸಿ. ಪಟ್ಟಿಗೂ ಲಾಕ್ ಫೈಲಿಗೂ ತಾಳೆಯಾಗದಿದ್ದರೆ ಅದು ಅಲ್ಲೇ ನಿಲ್ಲುತ್ತದೆ. ಪಿಪ್-ಟೂಲ್ಸ್ ಬಳಸುವವರು ‘--ಜನರೇಟ್-ಹ್ಯಾಶಸ್’ ಆಯ್ಕೆಯನ್ನೂ ಸೇರಿಸಿದರೆ, ಆವೃತ್ತಿಯ ಜೊತೆಗೆ ಫೈಲಿನ ಒಳಗಿರುವುದೂ ಬದಲಾಗಿಲ್ಲವೆಂಬ ಖಾತ್ರಿ ಸಿಗುತ್ತದೆ. ಪೈಟೆಸ್ಟ್, ರಫ್, ಸ್ಫಿಂಕ್ಸ್‌ನಂಥ ಅಭಿವೃದ್ಧಿಯ ಉಪಕರಣಗಳನ್ನು ‘ಡಿಪೆಂಡೆನ್ಸಿ-ಗ್ರೂಪ್ಸ್’ ಎಂಬ ವಿಭಾಗದಲ್ಲಿ ಇಡಿ. ಅಲ್ಲಿರುವುದು ಬಳಕೆದಾರರಿಗೆ ಹೋಗುವುದಿಲ್ಲವಾದ್ದರಿಂದ ಎಷ್ಟು ಬೇಕಾದರೂ ಬಿಗಿಯಬಹುದು.

ಆದರೆ ಲಾಕ್ ಫೈಲಿನೊಂದಿಗೆ ಮಾತ್ರ ಪರೀಕ್ಷಿಸುವ ಲೈಬ್ರರಿ ಕುರುಡಾಗುತ್ತದೆ: ನಿಮ್ಮ ಸಿಐಯಲ್ಲಿ ಎಲ್ಲವೂ ಹಸಿರಾಗಿರುವಾಗಲೇ ಬಳಕೆದಾರರ ಯಂತ್ರಗಳಲ್ಲಿ ಮುರಿದಿರಬಹುದು. ಆದ್ದರಿಂದ ಸಿಐಯಲ್ಲಿ ಮೂರು ಬಗೆಯ ಓಟಗಳು ಇರಲಿ. ಪ್ರತಿ ಪುಲ್ ರಿಕ್ವೆಸ್ಟಿಗೂ ಲಾಕ್ ಫೈಲಿನ ಆವೃತ್ತಿಗಳೊಂದಿಗೆ ಒಂದು, ಅದರ ಜೊತೆಗೇ ಮೇಲೆ ಹೇಳಿದ ಕೆಳಮಿತಿಯ ಆವೃತ್ತಿಗಳೊಂದಿಗೆ ಮತ್ತೊಂದು, ಮತ್ತು ವಾರಕ್ಕೊಮ್ಮೆ ‘ಯುವಿ ಸಿಂಕ್ --ಅಪ್‌ಗ್ರೇಡ್’ ಮೂಲಕ ಅಂದಿನ ಅತಿ ಹೊಸ ಆವೃತ್ತಿಗಳೊಂದಿಗೆ ಇನ್ನೊಂದು. ಮೂರನೆಯದು ಬಿದ್ದರೆ ಯಾರ ಪುಲ್ ರಿಕ್ವೆಸ್ಟನ್ನೂ ತಡೆಯಬಾರದು. ತಂಡಕ್ಕೆ ಸೂಚನೆ ಹೋದರೆ ಸಾಕು. ಡಿಪ್ರಿಕೇಶನ್ ಎಚ್ಚರಿಕೆಗಳನ್ನು (ಒಂದು ಸೌಲಭ್ಯವನ್ನು ಮುಂದೆ ತೆಗೆಯಲಾಗುವುದೆಂಬ ಸೂಚನೆಗಳನ್ನು) ಈ ಓಟದಲ್ಲಿ ದೋಷಗಳಾಗಿ ಪರಿಗಣಿಸುವಂತೆ ಪೈಟೆಸ್ಟ್‌ಗೆ ಹೇಳಿದರೆ ‘ಸಾಫ್ಟ್_ಯೂನಿಕೋಡ್’ ಬಗೆಯ ಬದಲಾವಣೆಗಳು ತಿಂಗಳುಗಳ ಮೊದಲೇ ಕಣ್ಣಿಗೆ ಬೀಳುತ್ತವೆ. ಲಾಕ್ ಫೈಲನ್ನು ಹೊಸದು ಮಾಡುವ ಕೆಲಸವನ್ನು ಡಿಪೆಂಡಬಾಟ್ ಅಥವಾ ರೆನೊವೇಟ್‌ನಂಥ ಸ್ವಯಂಚಾಲಿತ ಉಪಕರಣಗಳಿಗೆ ಒಪ್ಪಿಸಬಹುದು. ಅವು ಪೈಪ್ರಾಜೆಕ್ಟ್.ಟಾಮ್ಲ್‌ನ ಕೆಳಮಿತಿಗಳನ್ನೂ ಸುಮ್ಮನೆ ಏರಿಸುತ್ತಾ ಹೋಗದಂತೆ ಸಂರಚನೆಯಲ್ಲಿ ತಡೆಯಬೇಕು.

ಬೇರೆ ಭಾಷೆಗಳಲ್ಲಿ

ಈ ಎಲ್ಲ ಲೆಕ್ಕಾಚಾರ ಪೈಥಾನ್‌ನ ‘ಒಂದೇ ಆವೃತ್ತಿ’ ನಿಯಮದ ಮೇಲೆ ನಿಂತಿದೆ; ನಿಯಮ ಬದಲಾದರೆ ಸಲಹೆಯೂ ಬದಲಾಗುತ್ತದೆ. ಜಾವಾಸ್ಕ್ರಿಪ್ಟ್‌ನ ಎನ್‌ಪಿಎಂ ಒಂದೇ ಪ್ಯಾಕೇಜಿನ ಹಲವು ಆವೃತ್ತಿಗಳನ್ನು ಬೇರೆ ಬೇರೆ ಫೋಲ್ಡರುಗಳಲ್ಲಿ ಇಡಬಲ್ಲದಾದ್ದರಿಂದ ಅಲ್ಲಿ ‘^1.2.3’, ಅಂದರೆ 2.0.0ಕ್ಕಿಂತ ಕೆಳಗಿನದು, ಎಂಬ ಮೇಲ್ಮಿತಿ ಅಷ್ಟು ನೋಯಿಸುವುದಿಲ್ಲ. ಆದರೆ ‘^0.2.3’ ಎಂದರೆ 0.3.0ಕ್ಕಿಂತ ಕೆಳಗೆ ಎಂಬುದನ್ನು ನೆನಪಿಡಬೇಕು. ರಿಯಾಕ್ಟ್‌ನಂತೆ ಒಂದೇ ಪ್ರತಿ ಇರಬೇಕಾದದ್ದನ್ನು ‘ಪಿಯರ್ ಡಿಪೆಂಡೆನ್ಸೀಸ್’ ಅಡಿಯಲ್ಲಿ, ಸಾಧ್ಯವಾದಷ್ಟು ಅಗಲವಾದ ವ್ಯಾಪ್ತಿಯೊಂದಿಗೆ ಬರೆಯಿರಿ. ನಿಮ್ಮ ಪ್ಯಾಕೇಜ್-ಲಾಕ್ ಫೈಲು ಪ್ರಕಟಣೆಯ ಜೊತೆ ಹೋಗುವುದಿಲ್ಲ.

ರಸ್ಟ್‌ನ ಕಾರ್ಗೋದಲ್ಲಿ ಬರೀ ‘1.2.3’ ಎಂದು ಬರೆದರೂ ಅದು ಕ್ಯಾರೆಟ್ (‘^’) ವ್ಯಾಪ್ತಿಯೇ; ‘=1.2.3’ ಎಂದು ಬಿಗಿದರೆ ಮಾತ್ರ ತೊಂದರೆ, ಏಕೆಂದರೆ ಪರಸ್ಪರ ಹೊಂದುವ ಸರಣಿಯೊಳಗೆ ಕಾರ್ಗೋ ಒಂದೇ ಆವೃತ್ತಿಯನ್ನು ಒಪ್ಪುತ್ತದೆ. ಲೈಬ್ರರಿಗಳು ಕಾರ್ಗೋ.ಲಾಕ್ ಫೈಲನ್ನು ಗಿಟ್‌ಗೆ ಸೇರಿಸಬಾರದೆಂಬ ಹಳೆಯ ಸಲಹೆಯನ್ನು ಕಾರ್ಗೋ ತಂಡ 2023ರಲ್ಲಿ ಕೈಬಿಟ್ಟಿದೆ. ಗೋ ಭಾಷೆಯಲ್ಲಂತೂ ಗೋ.ಮಾಡ್ ಫೈಲಿನಲ್ಲಿ ಬರೆಯುವ ಸಂಖ್ಯೆಯೇ ಕೆಳಮಿತಿ, ಎಲ್ಲರ ಕೆಳಮಿತಿಗಳಲ್ಲಿ ದೊಡ್ಡದನ್ನು ಅದು ಆರಿಸುತ್ತದೆ. ಮೇಲ್ಮಿತಿ ಬರೆಯುವ ಸೌಲಭ್ಯವೇ ಇಲ್ಲ.

ಬಿಡುಗಡೆಗೆ ಮೊದಲು

ಪೈಪಿಐಗೆ ಕಳುಹಿಸುವ ಮೊದಲು ವ್ಹೀಲ್ ಕಟ್ಟಿ, ಅದರೊಳಗಿನ ‘ಮೆಟಾಡೇಟಾ’ ಫೈಲನ್ನು ತೆರೆದು ‘ರಿಕ್ವೈರ್ಸ್-ಡಿಸ್ಟ್’ ಎಂದು ಆರಂಭವಾಗುವ ಸಾಲುಗಳನ್ನು ಓದಿ. ವ್ಹೀಲ್ ಎಂಬುದು ಜಿಪ್ ಫೈಲೇ ಆದ್ದರಿಂದ ತೆರೆಯುವುದು ಕಷ್ಟವಲ್ಲ. ಬಳಕೆದಾರನ ಪಿಪ್ ಓದುವುದು ಈ ಸಾಲುಗಳನ್ನೇ; ಇಲ್ಲಿ ‘==’ ಕಂಡರೆ ಅದಕ್ಕೊಂದು ಕಾರಣವನ್ನು ನೀವು ಹೇಳಬಲ್ಲಿರಾ ನೋಡಿಕೊಳ್ಳಿ. ಪೈಟೆಸ್ಟ್‌ನಂಥ ಉಪಕರಣ ಇಲ್ಲಿ ಇಣುಕುತ್ತಿದ್ದರೆ ಅದು ತಪ್ಪು ಪಟ್ಟಿಯಲ್ಲಿದೆ. ಬಳಿಕ ಖಾಲಿ ಪರಿಸರವೊಂದರಲ್ಲಿ ಲಾಕ್ ಫೈಲಿಲ್ಲದೆ ಆ ವ್ಹೀಲನ್ನು ಇನ್‌ಸ್ಟಾಲ್ ಮಾಡಿ, ‘ಪಿಪ್ ಚೆಕ್’ ಓಡಿಸಿ, ಲೈಬ್ರರಿಯನ್ನು ಒಮ್ಮೆ ಇಂಪೋರ್ಟ್ ಮಾಡಿ ನೋಡಿ.

ಬಿಡುಗಡೆಯಾದ ಮೇಲೆ ಯಾವುದೋ ಅವಲಂಬನೆಯ ಹೊಸ ಆವೃತ್ತಿ ನಿಮ್ಮ ಲೈಬ್ರರಿಯನ್ನು ಮುರಿದರೆ, ಮೊದಲು ಆ ಆವೃತ್ತಿಯನ್ನು ಹೊರಗಿಡುವ ಒಂದು ಪ್ಯಾಚ್ ಬಿಡುಗಡೆ ಮಾಡಿ. ಮುರಿದುಹೋದ ನಿಮ್ಮ ಹಿಂದಿನ ಬಿಡುಗಡೆಗಳಲ್ಲಿ ತೀರಾ ಇತ್ತೀಚಿನದನ್ನು ಯಾಂಕ್ ಮಾಡಬೇಕೇ ಎಂಬುದನ್ನು ಆಮೇಲೆ ಯೋಚಿಸಬಹುದು. ಲಾಕ್ ಫೈಲಿನಲ್ಲಿ ಅದನ್ನೇ ಹಿಡಿದಿರುವವರಿಗೆ ಯಾಂಕ್‌ನಿಂದ ತೊಂದರೆಯಾಗುವುದಿಲ್ಲ. ಕೋಡನ್ನು ಸರಿಪಡಿಸಿದ ಮುಂದಿನ ಬಿಡುಗಡೆಯಲ್ಲಿ ಆ ಮಿತಿಯನ್ನು ತೆಗೆಯಲು ಮರೆಯದಿರಲು, ಮಿತಿ ಹಾಕಿದ ದಿನವೇ ಅದನ್ನು ತೆಗೆಯುವ ಕೆಲಸಕ್ಕೂ ಒಂದು ಇಶ್ಯೂ ತೆರೆದು, ಅದರ ಸಂಖ್ಯೆಯನ್ನು ಪೈಪ್ರಾಜೆಕ್ಟ್.ಟಾಮ್ಲ್‌ನ ಆ ಸಾಲಿನ ಪಕ್ಕದಲ್ಲೇ ಬರೆಯಿರಿ.